ಪಾಸ್‌ವರ್ಡ್ ಚೀಟಿಯ ಮರ್ಯಾದೆ

ಆ ಪ್ರಾಣಿಗಳ ಊರಿಗೆ ಹೆಸರಿತ್ತು, ನಾನು ಹೇಳುವುದಿಲ್ಲ. ಹೇಳಿದರೆ ನಿಮ್ಮೂರಲ್ಲ ಎಂದು ನೀವು ಹಾಯಾಗಿ ಇದ್ದುಬಿಡುತ್ತೀರಿ. ಅಲ್ಲಿ ಲ್ಯಾಪ್‌ಟಾಪ್ ರಿಪೇರಿಗೆ ಕೊಡುವವರು ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮೇಲೆ ಅಂಟಿಸಿ ಕೊಡುವುದು ಪದ್ಧತಿ. ಕೊಡದಿದ್ದರೆ ರಿಪೇರಿಯವನನ್ನು ಕಳ್ಳ ಎಂದಂತೆ. ಪೇಟೆಯೊಳಗೆ ಯಾರೂ ಯಾರನ್ನೂ ಬೇಟೆಯಾಡುವಂತಿರಲಿಲ್ಲ, ಯಾರ ಮನಸ್ಸನ್ನೂ ನೋಯಿಸುವಂತಿರಲಿಲ್ಲ. ಅಷ್ಟು ಸಭ್ಯ ಊರು.

ಸೂಲಗಿತ್ತಿ ಮೊಲಮ್ಮನ ಲ್ಯಾಪ್‌ಟಾಪಿನ ಬ್ಯಾಟರಿ ಉಬ್ಬಿತು. ಯಾವ ತಾಯಿ ತನ್ನ ಮರಿಗಳನ್ನು ಕಾಡಿನ ಯಾವ ಪೊದೆಯಡಿ ಬಚ್ಚಿಟ್ಟಿದ್ದಾಳೆ ಎಂಬುದೆಲ್ಲ ಅದರೊಳಗಿತ್ತು. ಬಾಣಂತಿಯರಿಗೆ ಮದ್ದು ಮುಟ್ಟಿಸಬೇಕಲ್ಲ. ತೋಳಕ್ಕೆ ಅದು ತಿಳಿದರೆ ಒಂದು ಮರಿಯೂ ಉಳಿಯದು. ಅವಳು ಅದನ್ನು ಎದೆಗವಚಿಕೊಂಡು ಅಳಿಲಣ್ಣನ ಅಂಗಡಿಗೆ ಹೋದಳು.

"ಬ್ಯಾಟರಿ ಇರೋದು ತಳದಲ್ಲಿ. ಸ್ಕ್ರೂ ಬಿಚ್ಚಿ ಬದಲಾಯಿಸೋದಕ್ಕೆ ಪಾಸ್‌ವರ್ಡ್ ಯಾಕಪ್ಪಾ?"

ಅಳಿಲಣ್ಣನ ಮುಖ ಬಾಡಿತು. ಅವನು ಕೆಟ್ಟವನಲ್ಲ, ಯಾರದೂ ಒಂದು ಕಾಳು ಮುಟ್ಟಿದವನಲ್ಲ. "ಹಾಕಿದ ಮೇಲೆ ಆನ್ ಮಾಡಿ ನೋಡಬೇಡವೇ ಅಕ್ಕಾ? ಇಷ್ಟು ವರ್ಷದಲ್ಲಿ ಯಾರೂ ಹೀಗೆ ಕೇಳಿರಲಿಲ್ಲ."

ಸಾಲಿನಲ್ಲಿದ್ದವರು ಗುಸುಗುಟ್ಟಿದರು. ಹಿಂದೆ ನಿಂತಿದ್ದ ಎಳೆ ಬಾಣಂತಿ ಮೊಲವೇ ಹೇಳಿದಳು: "ಕೊಟ್ಟುಬಿಡು ಚಿಕ್ಕಮ್ಮಾ, ಪಾಪ, ಅಣ್ಣನಿಗೆ ಬೇಜಾರಾಗುತ್ತೆ." ಮೊಲಮ್ಮನಿಗೆ ನಾಚಿಕೆಯಾಯಿತು. ಬರೆದು ಅಂಟಿಸಿ ಮನೆಗೆ ಹೋದಳು.

ಅಳಿಲಣ್ಣ ಹೊಸ ಬ್ಯಾಟರಿ ಹಾಕಿ ಆನ್ ಮಾಡಿದ. ಒಂದು ಫೈಲು ತೆರೆದ, ಮತ್ತೊಂದು ತೆರೆದ, ಸುಮ್ಮನೆ, ಕುತೂಹಲಕ್ಕೆ. ಹಳೇ ಗಿರಾಕಿ ತೋಳಪ್ಪ ಬೆಂಚಿನ ಮೇಲೆ ಚಹಾ ಕುಡಿಯುತ್ತ ಕೂತಿದ್ದ. "ನೋಡಿ ಸ್ವಾಮಿ, ಎಷ್ಟು ಅಚ್ಚುಕಟ್ಟಾಗಿ ಬರೆದಿಟ್ಟಿದ್ದಾಳೆ!" ಎಂದು ಅಳಿಲಣ್ಣ ಪರದೆಯನ್ನು ಅವನತ್ತ ತಿರುಗಿಸಿದ.

ಮರುದಿನ ಪೊದೆಗಳಡಿ ಮರಿಗಳಿರಲಿಲ್ಲ. ಆ ಎಳೆ ಬಾಣಂತಿ ಒಂದೊಂದು ಪೊದೆಯ ಬುಡಕ್ಕೂ ಹೋಗಿ ಮರಿಗಳನ್ನು ಕರೆಯುತ್ತಿದ್ದಳು.

ಪಂಚಾಯಿತಿ ಸೇರಿತು. ಕಾಡಿನಲ್ಲಿ ತಿಂದದ್ದಕ್ಕೆ ತೋಳಪ್ಪನನ್ನು ಪೇಟೆ ಪ್ರಶ್ನಿಸುವಂತಿರಲಿಲ್ಲ. ಹಿರಿಯ ಆನೆ ಅಳಿಲಣ್ಣನ ಬಗ್ಗೆ ತೀರ್ಪು ಹೇಳಿತು: "ಬೀಗ ಯಾರೂ ಒಡೆದಿಲ್ಲ. ಪಾಸ್‌ವರ್ಡ್ ಅವಳೇ ಕೊಟ್ಟದ್ದು. ಇದರಲ್ಲಿ ತಪ್ಪೆಲ್ಲಿದೆ?" ಅಳಿಲಣ್ಣ ಬಿಕ್ಕಿ ಬಿಕ್ಕಿ ಅತ್ತ. ಊರಿಗೆ ಊರೇ ಅವನನ್ನು ಸಮಾಧಾನಪಡಿಸಿತು.

ಮುಂದಿನ ಬೇಸಿಗೆಯಲ್ಲಿ ಮೊಲಮ್ಮನ ಕೀಬೋರ್ಡ್ ಕೆಟ್ಟಿತು. ಅವಳು ಚೀಟಿಯಿಲ್ಲದೆ ಅಂಗಡಿಗೆ ಬಂದಳು.

"ನನ್ನ ಕಣ್ಣೆದುರೇ ಮಾಡಿಕೊಡು. ಆಗುವವರೆಗೂ ಇಲ್ಲೇ ನಿಂತಿರ್ತೀನಿ."

"ಅವನು ಅಷ್ಟು ಅತ್ತದ್ದನ್ನು ನೋಡಿಯೂ! ಎಂಥ ಕಲ್ಲು ಮನಸ್ಸಪ್ಪಾ ಇವಳದು," ಎಂದರು ಸಾಲಿನಲ್ಲಿದ್ದವರು.

ಆಗ ಮರಿಗಳನ್ನು ಕಳೆದುಕೊಂಡ ಆ ತಾಯಿಯೇ ಸಾಲಿನಿಂದ ಮುಂದೆ ಬಂದಳು. ಅವಳೀಗ ಮತ್ತೆ ತುಂಬು ಗರ್ಭಿಣಿ. ಮೊಲಮ್ಮನನ್ನು ಪಕ್ಕಕ್ಕೆ ಸರಿಸಿ ತನ್ನ ಲ್ಯಾಪ್‌ಟಾಪನ್ನು ಮುಂದಿಟ್ಟಳು. ಅದರ ಮೇಲೆ ಚೀಟಿ ಅಂಟಿಸಿತ್ತು.

"ಅವಳ ಮಾತಿಗೆ ಬೇಜಾರು ಮಾಡ್ಕೋಬೇಡಿ ಅಣ್ಣಾ," ಎಂದಳು.

ತೋಳಪ್ಪ ಬೆಂಚಿನ ಮೇಲೆ ತುಸು ಸರಿದು, ಬಸುರಿಗೆ ಕೂರಲು ಜಾಗ ಮಾಡಿಕೊಟ್ಟ.