ಬೀರುವಿನ ಕನ್ನಡಿಯಲ್ಲಿ ಕಂಡವನು

ಸಹೃದಯ ವಾಚಕಮಹಾಶಯರೇ, ಮೃತನ ಮನೆಯಲ್ಲಿ ಮೆಲುದನಿಯಿಂದ ಮಾತನಾಡಬೇಕೆಂಬುದು ಲೋಕಾಚಾರ. ಪ್ರಸ್ತುತ ಕಥಾನಕವು ಆ ಆಚಾರವನ್ನು ಪಾಲಿಸಲಾರದು. ಏಕೆಂದರೆ ಈ ಮೃತನು ಜೀವಮಾನವಿಡೀ ಮೆಲುದನಿಯಿಂದಲೇ ಮಾತನಾಡಿದವನು. ಅದರಿಂದ ಅವನಿಗೆ ದೊರೆತ ಲಾಭವೇನೆಂಬುದನ್ನು ತಾವೇ ಪರಾಂಬರಿಸತಕ್ಕದ್ದು.

ಮೌನೇಶ ಮೂರನೆಯ ಸಲ ಕ್ಯಾಮೆರಾ ಎತ್ತಿದ, ಮೂರನೆಯ ಸಲವೂ ಇಳಿಸಿದ. ಕೊಟ್ಟೂರಿನ ಆ ಮಣ್ಣಿನ ಮನೆಯಲ್ಲಿ ಯರ್ರಿಸ್ವಾಮಿಯ ಹೆಣವನ್ನು ಹಣೆಗೆ ಭಂಡಾರ ಹಚ್ಚಿ ಕುರ್ಚಿಯಲ್ಲಿ ಕೂರಿಸಿದ್ದರು. ಬೆನ್ನ ಹಿಂದೆ ಕಬ್ಬಿಣದ ಬೀರು. ಫ್ಲಾಶ್ ಹೊಡೆದರೆ ಬೀರುವಿನ ಕನ್ನಡಿಗೆ ಬಡಿದು, ಸತ್ತವನ ಕಿವಿಯ ಪಕ್ಕ ಸುಣ್ಣದ ಉಂಡೆಯಂತೆ ಕೂರುತ್ತಿತ್ತು. ಫ್ಲಾಶ್ ಆರಿಸಿದರೆ ಬಾಗಿಲಾಚೆಯ ಬಿಸಿಲು ಅದೇ ಕನ್ನಡಿಯಿಂದ ಲೆನ್ಸಿಗೆ ನುಗ್ಗಿ, ಮುಖದ ಮೇಲೆ ಮಸುಕು ಬಳೆಗಳನ್ನು ತೊಡಿಸುತ್ತಿತ್ತು. ಸಾವಿನ ಮನೆಯ ಬಾಗಿಲು ಮುಚ್ಚುವಂತಿಲ್ಲ. ಕರಿಯ ಕಂಬಳಿಯೊಂದನ್ನು ಕನ್ನಡಿಗೆ ಅಡ್ಡ ಹಿಡಿದರೆ ಸಾಕಿತ್ತು. ಸ್ಟುಡಿಯೋದ ಕೆಲಸದಲ್ಲಿ ಇಪ್ಪತ್ತೆರಡು ವರ್ಷ ಅದನ್ನು ಹಿಡಿದವನು ಕುರ್ಚಿಯಲ್ಲಿ ಕೂತಿದ್ದ.

"ಎಷ್ಟೊತ್ತಲೇ?" ಎಂದ ಬಾಗಿಲಲ್ಲಿ ನಿಂತಿದ್ದ ಸ್ಟುಡಿಯೋ ಮಾಲೀಕ ಕಾಂತೇಶ. "ಹೊಡಿ ಸುಮ್ನ. ಉಳಿದದ್ದು ಕಂಪ್ಯೂಟರ್‌ನಾಗ ತಗದ್ರಾತು."

ಸತ್ತವನ ಅಣ್ಣ ಓಬಣ್ಣ ಕೇಳಿದ:

"ಸಾವ್ಕಾರ್ರ, ಕಣ್ಣು ಮುಚ್ಚಿದ ಫೋಟಾ ಗ್ವಾಡಿಗಿ ಹೆಂಗ ಹಾಕಾದ್ರಿ? ದಿನಾ ಹೆಣ ನೋಡಿದಂಗ ಆಗ್ತೈತಿ."

"ಕಣ್ಣು ನಾವು ತೆರಸ್ತೀವಿ. ಬ್ಯಾರೆಯವರ ಕಣ್ಣು ತಂದು ಕೂಡ್ರಿಸಿದ್ರ ಯಾರಿಗೂ ಗೊತ್ತಾಗಂಗಿಲ್ಲ. ಹೋದ ತಿಂಗ್ಳ ಕೂಡ್ಲಿಗಿ ಮುದುಕಗ ಅವನ ಅಳಿಯನ ಕಣ್ಣು ಹಾಕಿ ಕೊಟ್ಟೀವಿ."

"ಅಳಿಯನ ಕಣ್ಣು ಮಾವನ ಹೊಲದ ಮ್ಯಾಲ ಇರ್ತೈತಿ," ಎಂದಳು ಮೂಲೆಯಲ್ಲಿದ್ದ ನೆರೆಮನೆಯ ಹಂಪಕ್ಕ, "ಫೋಟಾದಾಗ ಯಾವಾಗ ಬಂತು?"

ಹೆಂಗಸರು ಸೆರಗು ಬಾಯಿಗೆ ಹಿಡಿದರು. ಹೆಣದ ಕಾಲ ಬಳಿ ಕೂತಿದ್ದ ಹೆಂಡತಿ ಪಕ್ಕೀರಮ್ಮ ಮಾತ್ರ ನಗಲಿಲ್ಲ.

"ನನಗ ನನ್ನ ಗಂಡನ ಕಣ್ಣು ಬೇಕು," ಎಂದಳು. "ಊರಾರ ಮಾರಿಗೆಲ್ಲ ಬೆಳಕು ಹಿಡದಾನ. ಅವಂದೊಂದು ಫೋಟಾ ನಿಮ್ಮತ್ರ ಇಲ್ಲೇನ್ರಿ?"

"ಆಧಾರ್ ಕಾರ್ಡಿನಾಗ ಐತಲ್ಲವ್ವ."

ಅವಳು ಮಡಿಲಿನಿಂದ ಕಾರ್ಡು ತೆಗೆದು ಕಾಂತೇಶನ ಕಾಲ ಬಳಿ ಒಗೆದಳು. "ನೋಡ್ರಿ. ಇದು ಮನಿಷ್ಯಾನೋ, ಸುಟ್ಟ ಬದನಿಕಾಯೋ?"

ಓಬಣ್ಣನ ಮಕ್ಕಳು ಬೆಳಗಿನಿಂದ ತಮ್ಮ ಫೋನುಗಳನ್ನೆಲ್ಲ ಜಾಲಾಡಿದ್ದರು. ಎಲ್ಲದರಲ್ಲೂ ಅಂಚಿಗೆ ಒಂದು ಮೊಣಕೈ, ಇಲ್ಲವೇ ಹೊರಳುತ್ತಿದ್ದ ಬೆನ್ನು. ಯಾರು ಕ್ಯಾಮೆರಾ ಎತ್ತಿದರೂ ಸರಿದು ನಿಲ್ಲುವುದು ಯರ್ರಿಸ್ವಾಮಿಯ ಮೈಗೆ ಅಂಟಿಹೋಗಿತ್ತು.

"ನಮ್ಮತ್ರ ಇಲ್ಲವ್ವ," ಎಂದ ಕಾಂತೇಶ. "ಅವನು ಫೋಟೋದಾಗ ಬಂದವನ ಅಲ್ಲ."

ಅದು ಸುಳ್ಳು. ಸುಳ್ಳೆಂಬುದು ಆ ಮನೆಯಲ್ಲಿ ಇಬ್ಬರಿಗೇ ಗೊತ್ತಿತ್ತು.

* * *

ಹನ್ನೆರಡು ವರ್ಷದ ಹಿಂದೆ, ಹಡಗಲಿಯ ದೊಡ್ಡ ಮನೆಯೊಂದರಲ್ಲಿ ನಿಶ್ಚಿತಾರ್ಥ. ಗೋಡೆಗೆಲ್ಲ ನುಣುಪು ಕಲ್ಲು, ಮೂಲೆಮೂಲೆಗೆ ಗಾಜಿನ ಶೋಕೇಸು. ಹೊಸದಾಗಿ ಕೆಲಸಕ್ಕೆ ಸೇರಿದ್ದ ಮೌನೇಶ ತೆಗೆದುದರಲ್ಲೆಲ್ಲ ಬಿಳಿಯ ಕಲೆ.

"ಬೆಳಕು ಅಂದ್ರ ಗ್ವಾಡಿಗಿ ಒಗದ ಚೆಂಡು ಇದ್ದಂಗ," ಎಂದಿದ್ದ ಯರ್ರಿಸ್ವಾಮಿ, ಅವನ ತೋಳು ಹಿಡಿದು ಎರಡು ಹೆಜ್ಜೆ ಬದಿಗೆ ನಿಲ್ಲಿಸಿ. "ನೆಟ್ಟಗ ಒಗದ್ರ ನಿನ್ನ ಮಾರಿಗೇ ಬಡೀತೈತಿ. ಓರೆ ನಿಲ್ಲು. ಫ್ಲಾಶಿನ ಮಾರಿ ಮ್ಯಾಲಕ್ಕ ತಿರುವು, ಸೀಲಿಂಗಿಗಿ ಬಡದು ಮೆತ್ತಗ ಇಳೀಲಿ. ಮತ್ತ ನಾಳಿಂದ ಬಿಳಿ ಅಂಗಿ ಹಾಕ್ಕೊಂಡು ಬರಬ್ಯಾಡ. ಮದುಮಗಳ ಹಿಂದಿನ ಗಾಜಿನಾಗ ನಿನ್ನ ಹೊಟ್ಟಿ ಕುಂತಿರ್ತೈತಿ."

ತೂಗುದೀಪ ಲೆನ್ಸಿಗೆ ಹೊಡೆದಾಗ ತನ್ನ ಅಂಗೈಯನ್ನೇ ಅಡ್ಡವಿಡುತ್ತಿದ್ದ. ಕನ್ನಡಿ ಎದುರಾದಲ್ಲಿ ಕಂಬಳಿ ಹಿಡಿಯುತ್ತಿದ್ದ. ಆದರೆ ಒಂದು ಕೈಯಲ್ಲಿ ದೀಪ, ಒಂದು ಕೈಯಲ್ಲಿ ಕಂಬಳಿ ಹಿಡಿದವನು ತನ್ನನ್ನು ತಾನು ಎಲ್ಲಿ ಬಚ್ಚಿಡಬೇಕು? ಆ ದಿನ ಬೀರುವಿನ ಕನ್ನಡಿಯಲ್ಲಿ ಅವನ ಅರ್ಧ ಮುಖ ಬಿದ್ದಿತು. ಕ್ಯಾಮೆರಾದ ಪರದೆಯಲ್ಲಿ ಅದನ್ನು ಕಂಡ ಕಾಂತೇಶ ಬೀಗರೆಲ್ಲರ ಎದುರಿಗೆ ಅವನ ಕತ್ತಿಗೆ ಬಡಿದ.

"ಗಿರಾಕಿ ನಿನ್ನ ಮಾರಿ ನೋಡಾಕ ನಮ್ಮನ್ನ ಕರಸ್ಯಾನೇನಲೇ?"

ಅಂದಿನಿಂದ ಪ್ರತಿ ಸಮಾರಂಭದ ಮರುದಿನ ಬೆಳಿಗ್ಗೆ ಕಂಪ್ಯೂಟರಿನ ಪಕ್ಕ ಬಂದು ಕೂರುವುದು ಯರ್ರಿಸ್ವಾಮಿಯ ಪದ್ಧತಿಯಾಯಿತು. "ಅಗೋ, ಕನ್ನಡಿಯಾಗ ಒಬ್ಬ ಕಳ್ಳ ಹೊಕ್ಯಾನ. ತಗೀ," ಎಂದು ತನ್ನನ್ನು ತಾನೇ ಹಿಡಿದುಕೊಡುತ್ತಿದ್ದ. ಮೌನೇಶ ಫೋಟೋದಲ್ಲೇ ಇದ್ದ ಗೋಡೆಯ ಚೂರೊಂದನ್ನು ಮೌಸಿನಿಂದ ಎಳೆದು ಅವನ ಮೇಲೆ ಮುಚ್ಚುತ್ತಿದ್ದ.

ಒಮ್ಮೆ ಮಾತ್ರ ಹತ್ತಿರದ ಅರಸೀಕೆರೆಯ ಮದುವೆಯ ಫೋಟೋದಲ್ಲಿ ಯರ್ರಿಸ್ವಾಮಿಯ ಬೆರಳು ನಿಂತುಬಿಟ್ಟಿತು. ಮದುಮಗಳು ಆಡಿದ ಯಾವುದೋ ಮಾತಿಗೆ ದೀಪ ಹಿಡಿದವನು ಬಾಯಿ ತೆರೆದು ನಗುತ್ತಿದ್ದ. ಕನ್ನಡಿ ಅದನ್ನು ಪೂರ್ತಿ ಹಿಡಿದಿತ್ತು.

"ಇದೊಂದು ಬಿಡಪ," ಎಂದ. "ಸಣ್ಣ ಪ್ರಿಂಟ್ ಹಾಕ್ಕೊಡು. ಪಕ್ಕೀರಿ ನೋಡ್ಲಿ."

ಮೆಟ್ಟಿಲ ಮೇಲೆ ಕಾಂತೇಶನ ಹೆಜ್ಜೆ ಕೇಳಿಸಿತು. ಮೌನೇಶ ಗೋಡೆ ಎಳೆದು ಮುಚ್ಚಿದ. "ಇನ್ನೊಂದರಾಗ ಬರ್ತೀ ಬಿಡು ಮಾವ."

"ಹೂಂ, ಬರ್ತೀನಿ," ಎಂದ ಯರ್ರಿಸ್ವಾಮಿ. ಮತ್ತೆಂದೂ ಕೇಳಲಿಲ್ಲ.

* * *

"ಅತ್ತಿ," ಎಂದ ಮೌನೇಶ ಪಕ್ಕೀರಮ್ಮನ ಕಡೆ ತಿರುಗಿ. ದನಿ ಅವನೆಣಿಸಿದ್ದಕ್ಕಿಂತ ಗಟ್ಟಿಯಾಗಿ ಬಂತು. "ಸಾವ್ಕಾರ್ರು ಸುಳ್ಳು ಹೇಳಾಕತ್ಯಾರ. ಮಾವ ಎಷ್ಟೋ ಫೋಟೋದಾಗ ಬಂದಿದ್ದ. ನಾನ ಅಳಿಸೀನಿ."

"ಲೇ, ಹೆಣದ ಮುಂದ ಹೆಚ್ಚಿಗಿ ಮಾತಾಡಬ್ಯಾಡ," ಕಾಂತೇಶ ಒಳಗೆ ಬಂದ. "ಅದು ಕೆಲಸ. ಗಾಜಿನಾಗ ಬಿದ್ದದ್ದನ್ನ ತಗಿಯಾದು ಕೆಲಸ. ಅವನೇ ತಗಿ ಅಂತಿದ್ದ, ಇಲ್ಲೇನು?"

"ನೀವು ಬಡದ ಮ್ಯಾಲ ಅನ್ನಾಕ ಹತ್ತಿದ."

ಮೌನೇಶ ಕೊರಳಿನ ಪಟ್ಟಿ ತೆಗೆದು, ಕ್ಯಾಮೆರಾವನ್ನು ಕಾಂತೇಶನ ಎದೆಗೆ ಒತ್ತಿದ. "ನಿಮ್ಮದು, ಹಿಡ್ರಿ. ಈ ಮಾರಿ ಮ್ಯಾಲ ಬ್ಯಾರೆಯವರ ಕಣ್ಣು ನಾನು ಕೂಡ್ರಸಂಗಿಲ್ಲ."

ಇಷ್ಟಕ್ಕೆ ತನ್ನ ಋಣ ಹರಿಯಿತೆಂದು ಅವನಿಗೆ ಅರೆಗಳಿಗೆ ಅನಿಸಿದ್ದುಂಟು. ಪಕ್ಕೀರಮ್ಮ ಎದ್ದು ಬಂದು ಅವನ ಅಂಗಿಯ ಎದೆಯನ್ನು ಮುಷ್ಟಿಯಲ್ಲಿ ಹಿಡಿದಳು.

"ಒಂದು ಅಳಿಸಾಕ ಎಷ್ಟೊತ್ತು ಹಿಡೀತಿತ್ತು?"

"ಅತ್ತಿ..."

"ಎಷ್ಟೊತ್ತು?"

"ಒಂದು ನಿಮಿಷ."

"ಒಂದು ನಿಮಿಷ," ಎಂದಳು. ಕೂತಿದ್ದವರ ಕಡೆ ತಿರುಗಿ ಇನ್ನೊಮ್ಮೆ ಹೇಳಿದಳು: "ಒಂದು ನಿಮಿಷ ಅಂತ." ಮತ್ತೆ ಮೌನೇಶನತ್ತ ಹೊರಳಿದಳು. "ಅಳಿಸಿದವ ನೀನು. ತರಾವನೂ ನೀನ."

"ಸ್ಟುಡಿಯೋದಾಗ ಏನೂ ಉಳಿದಿಲ್ಲ ಅತ್ತಿ. ತಿದ್ದಿದ್ದಷ್ಟ ಇಟ್ಕೊಂತೀವಿ." ಹೇಳುತ್ತಿದ್ದಂತೆಯೇ ಅವನಿಗೆ ಹೊಳೆಯಿತು. ಆಲ್ಬಮಿಗೆ ಆರಿಸಿಕೊಡಿರೆಂದು, ತಿದ್ದುವ ಮೊದಲೇ ಎಲ್ಲ ಫೋಟೋಗಳನ್ನೂ ಪೆನ್‌ಡ್ರೈವಿಗೆ ಹಾಕಿ ಗಿರಾಕಿಗಳ ಕೈಗೆ ಕೊಡುವುದುಂಟು. ಅದನ್ನು ಯಾರೂ ಮರಳಿಸುತ್ತಿರಲಿಲ್ಲ. "ಮದಿವಿ ಮಾಡಿದವರ ಮನ್ಯಾಗ ಇರ್ತಾವ. ಕೋಗಳಿ, ಹಂಪಸಾಗರ, ಹಡಗಲಿ, ಅರಸೀಕೆರಿ..."

"ಹೋಗು ಹಂಗಾರ. ಮೂರನೇ ದಿನ ಹಾಲು ತುಪ್ಪ ಬಿಡ್ತೀವಿ. ಅಷ್ಟರಾಗ ತಾ."

"ಮಣ್ಣು ಮುಗಿಸ್ಕೊಂಡು ಹೊಂಡ್ತೀನಿ ಅತ್ತಿ."

"ನೀನು ಮಣ್ಣಿಗಿ ಬರಬ್ಯಾಡ," ಎಂದು ಅಂಗಿ ಬಿಟ್ಟಳು. "ನೀ ಹಾಕಿದ ಮಣ್ಣು ಸಾಕು ಅವನಿಗಿ."

ಕಾಂತೇಶ ನಕ್ಕ. "ಹೋಗಿ ಏನಂತೀಯಲೇ? ಯರ್ರಿಸ್ವಾಮಿ ಅಂದ್ರ ಯಾರಿಗಿ ಗೊತ್ತದಾನ?"

"ಲೈಟ್ ಹಿಡೀತಿದ್ನಲ್ಲ, ಅವಾ ಅಂತೀನಿ."

"ನೆನಪಿಲ್ಲ ಅಂತಾರ."

"ಅಂತಾರ," ಎಂದ ಮೌನೇಶ. "ಆಗ ನಾನ ಹುಡುಕಿ ತೋರಿಸ್ತೀನಿ. ಎಲ್ಲೆಲ್ಲಿ ನಿಲ್ತಿದ್ದ ಅಂಬೋದು ನನಗ ಗೊತ್ತೈತಿ."

ಲ್ಯಾಪ್‌ಟಾಪು, ಚಾರ್ಜರು, ಎರಡು ಖಾಲಿ ಪೆನ್‌ಡ್ರೈವು. ಅಲ್ಲೇ ಫೋಟೋ ತಿದ್ದಲೆಂದು ತಂದಿದ್ದ ತನ್ನ ಸ್ವಂತದ ಅಷ್ಟನ್ನೂ ಚೀಲಕ್ಕೆ ತುಂಬಿದ. ಹೆಣದ ಕಾಲು ಮುಟ್ಟಲು ಬಗ್ಗಿದವನು, ಪಕ್ಕೀರಮ್ಮನ ನೋಟ ಕಂಡು ಕೈ ಹಿಂತೆಗೆದುಕೊಂಡು ಅಂಗಳಕ್ಕೆ ಇಳಿದ. ಹಲಗೆ ಬಾರಿಸುವವರು ಹುಲ್ಲಿಗೆ ಬೆಂಕಿಯಿಟ್ಟು, ತೊಗಲು ಬಿಗಿಯಾಗಲೆಂದು ಹಲಗೆ ಕಾಯಿಸುತ್ತಿದ್ದರು. ಬೈಕಿನ ಹಿಂದೆ ಚೀಲವನ್ನು ಹಗ್ಗದಿಂದ ಬಿಗಿಯುತ್ತಿರುವಾಗ ಒಳಗಿನಿಂದ ಬಡಿತ ಕೇಳಿಸಿತು. ಅದು ಹಲಗೆಯ ಸದ್ದಲ್ಲ.

ತಿರುಗಿ ನೋಡಿದ. ಪಕ್ಕೀರಮ್ಮ ಸೆರಗು ನಡುವಿಗೆ ಸಿಕ್ಕಿಸಿಕೊಂಡು, ಡಬ್ಬಿಯೊಂದರ ಮೇಲೆ ಹತ್ತಿ, ಗುಂಡುಕಲ್ಲಿನಿಂದ ಬೀರುವಿನ ಪಕ್ಕದ ಗೋಡೆಗೆ ಮೊಳೆ ಬಡಿಯುತ್ತಿದ್ದಳು. "ಇವತ್ತು ಬ್ಯಾಡವ್ವ," ಎನ್ನುತ್ತಿದ್ದ ಓಬಣ್ಣ. ಮೊಳೆ ಮಣ್ಣಿನ ಹೆಂಟೆ ಸಮೇತ ಕಿತ್ತುಬಂದು ಗಂಡನ ಹೆಗಲ ಮೇಲೆ ಬಿತ್ತು. ಅವಳು ಕೆಳಗಿಳಿದು ಹೆಗಲಿನ ಮಣ್ಣು ಕೊಡವಿ, ಮೊಳೆಯನ್ನು ಹುಡುಕಿಕೊಂಡು, ಗೇಣು ಬದಿಗಿಟ್ಟು ಮತ್ತೆ ಬಡಿಯತೊಡಗಿದಳು.

ಮೌನೇಶ ಕಿಕ್ ಹೊಡೆದ. ಕೋಗಳಿಯ ದಾರಿಗೆ ಬೈಕು ತಿರುಗಿದಾಗಲೂ ಆ ಬಡಿತ ನಿಂತಿರಲಿಲ್ಲ.