ಬುಧವಾರದ ಹಾಳೆ

ಊಟದ ಮೇಜಿನ ಮೇಲೆ ದಿನಕ್ಕೊಂದರಂತೆ ಒಂಬತ್ತು ಹಾಳೆಗಳು ಹರಡಿದ್ದವು. ಅಮ್ಮನ ಜೊತೆ ಸಮುದ್ರ ದಾಟಿ ಹೋಗುವ ಒಂಬತ್ತು ದಿನದ ಪ್ರವಾಸಕ್ಕೆ ಮಗಳು ಹಾಕಿದ ಲೆಕ್ಕಾಚಾರ ಅದು. ಏಳಕ್ಕೆ ಏಳುವುದು, ಏಳೂವರೆಗೆ ತಿಂಡಿ, ಎಂಟು ಹತ್ತಕ್ಕೆ ಟ್ರಾಮು, ಅದು ತಪ್ಪಿದರೆ ಎಂಟು ಇಪ್ಪತ್ತೆರಡಕ್ಕೆ ಇನ್ನೊಂದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಲೋಕ ಕಂಡಿದೆ. ಈಕೆ ಕುಲಾವಿ ಕಳೆದುಹೋದರೆ ಇರಲಿ ಎಂದು ಇನ್ನೊಂದನ್ನೂ ಹೊಲಿಸಿಡುವ ಪೈಕಿ. ಅವಳು ಶಾಲೆಗೆ ಹೋಗುವಾಗಲೇ ಅಪ್ಪ ಅವಳಿಗೆ 'ಪಟ್ಟಿ ಸಾಹೇಬರು' ಎಂದು ಹೆಸರಿಟ್ಟಿದ್ದ. ಆ ಅಪ್ಪ ಹೋಗಿ ಎಂಟು ತಿಂಗಳಾಗಿತ್ತು.

ಅಮ್ಮ ಕನ್ನಡಕ ಏರಿಸಿಕೊಂಡು ಹಾಳೆಗಳನ್ನು ಒಂದೊಂದಾಗಿ ಓದಿದಳು. ಪ್ರತಿ ಹಾಳೆಯ ಕೆಳಗೂ ಕೆಂಪು ಶಾಯಿಯಲ್ಲಿ ಒಂದು ಆಸ್ಪತ್ರೆಯ ಹೆಸರಿತ್ತು. ಅಲ್ಲಿಗೆ ಎಷ್ಟು ನಿಮಿಷದ ದಾರಿ ಎಂಬುದೂ ಇತ್ತು.

"ಇದೇನೇ ಇದು, ಪ್ರವಾಸನೋ ಆಸ್ಪತ್ರೆ ತಪಾಸಣೆನೋ?"

"ಹತ್ರ ಯಾವ್ದಿದೆ ಅಂತ ಗೊತ್ತಿದ್ರೆ ಒಳ್ಳೇದು."

"ಶೌಚಾಲಯಕ್ಕೆ ಆರು ನಿಮಿಷ ಅಂತೆ! ನನ್ನ ವಯಸ್ಸಿಗೆ ಆರು ನಿಮಿಷ ಎಲ್ಲಿ ಸಾಕಾಗತ್ತೆ?"

ಮಗಳು ನಗಲಿಲ್ಲ. ಪೆನ್ನು ತೆಗೆದು ಆರನ್ನು ಹತ್ತು ಮಾಡಿದಳು.

ಅಮ್ಮ ಕನ್ನಡಕ ತೆಗೆದಿಟ್ಟಳು. "ನೋಡು, ಬುಧವಾರ ಒಂದು ದಿನ ಖಾಲಿ ಬಿಡು. ಕಣ್ಣಿಗೆ ಬಿದ್ದ ಬಸ್ಸು ಹತ್ತೋಣ, ಮನಸ್ಸು ಬಂದ ಕಡೆ ಇಳಿಯೋಣ."

"ಎಲ್ಲಿ ಇಳೀತೀವಿ ಅಂತ ಗೊತ್ತಿಲ್ದೆ ಕೆಳಗೆ ಏನಂತ ಬರೀಲಿ?"

"ಬರೀಬೇಡ."

"ಆಗಲ್ಲ."

"ಹಾಗಾದ್ರೆ ನೀನೊಬ್ಳೇ ಹೋಗ್ಬಾ. ನಾನು ಬರಲ್ಲ."

ಸಿಟ್ಟಿಲ್ಲದೆ ಹೇಳಿ, ಅಮ್ಮ ಹಿಂದಿನ ಕೋಣೆಗೆ ಒಣಗಿದ ಬಟ್ಟೆ ಮಡಿಸಲು ಹೋದಳು. ವಿಮಾನಕ್ಕೆ ಇನ್ನು ನಾಲ್ಕೇ ದಿನ. ಅಮ್ಮ ಹಾಗೆ ಹೇಳಿದರೆ ಹಾಗೆಯೇ ಮಾಡುವವಳು, ಅದು ಮಗಳಿಗೆ ಗೊತ್ತು.

ಮಗಳದ್ದು ಆಂಬುಲೆನ್ಸಿಗೆ ಬರುವ ಕರೆಗಳನ್ನು ತೆಗೆದುಕೊಳ್ಳುವ ಕೆಲಸ. ಹನ್ನೆರಡು ವರ್ಷದಿಂದ ಅದೇ ಕುರ್ಚಿ. ಎದುರಿಗೆ ಒಂದು ಕಾರ್ಡು ಇರುತ್ತದೆ, ಅದರಲ್ಲಿ ಪ್ರಶ್ನೆಗಳು ಸಾಲಾಗಿ ಇರುತ್ತವೆ. ಸ್ವಂತ ಬುದ್ಧಿ ಓಡಿಸಲು ಹೋದರೆ ತಡವಾಗುತ್ತದೆ, ತಡವಾದರೆ ಜನ ಸಾಯುತ್ತಾರೆ, ಕಾರ್ಡು ಓದಿದರೆ ಸಾಕು ಎಂದು ಮೊದಲ ವಾರವೇ ಕಲಿಸುತ್ತಾರೆ. ಎಂಟು ತಿಂಗಳ ಹಿಂದೆ ಒಂದು ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ಪರದೆಯ ಮೇಲೆ ಅವಳ ಮನೆಯ ನಂಬರೇ ಮೂಡಿತು. ಬೆರಳು ಗುಂಡಿ ಒತ್ತಿತು, ಬಾಯಿ ಕಾರ್ಡು ಓದಿತು.

"ಹೇಳಿ ಮೇಡಂ. ನಿಮ್ಮ ವಿಳಾಸ ಹೇಳಿ."

ತಾನು ಹುಟ್ಟಿ ಬೆಳೆದ ಮನೆಯ ವಿಳಾಸವನ್ನು ಕೇಳಿದಳು. ಎರಡು ಸಲ ಕೇಳಬೇಕು ಎಂದು ನಿಯಮ, ಇನ್ನೊಮ್ಮೆ ಹೇಳಿ ಎಂದಳು. ಅಮ್ಮ ಎರಡು ಸಲವೂ ಹೇಳಿದಳು, ನೀಲಿ ಗೇಟು ಎಂಬ ಗುರುತಿನ ಸಮೇತ. ರೋಗಿಯ ವಯಸ್ಸೆಷ್ಟು? ಅರವತ್ತೊಂಬತ್ತು. ಉಸಿರಾಡ್ತಿದಾರಾ? ಇಲ್ಲ. ಎದೆ ಒತ್ತುವುದನ್ನು ಎಣಿಸಿ ಎಣಿಸಿ ಹೇಳಿಕೊಟ್ಟಳು. 'ಅಮ್ಮಾ' ಎನ್ನುವ ಮಾತು ಕಾರ್ಡಿನಲ್ಲಿ ಇರಲಿಲ್ಲ. ಒಂಬತ್ತು ನಿಮಿಷಕ್ಕೆ ಗಾಡಿ ತಲುಪಿತು. ಅಪ್ಪ ಉಳಿಯಲಿಲ್ಲ. ಅವಳು ಮುಂದಿನ ಕರೆಯನ್ನೂ ತೆಗೆದುಕೊಂಡಳು, ಯಾರೋ ಜಾರಿ ಬಿದ್ದು ಕೈ ಮುರಿದುಕೊಂಡಿದ್ದರು. ಆಮೇಲೆ ಎದ್ದು ರಜೆ ಕೇಳಿದಳು.

ಆ ತಿಂಗಳು ಧ್ವನಿಮುದ್ರಿತ ಕರೆಗಳ ಪರಿಶೀಲನೆಯಲ್ಲಿ ಆ ಕರೆಗೆ ನೂರಕ್ಕೆ ನೂರು ಬಂತು. ಅಂಕ ಹಾಕುವವರಿಗೆ ಅದು ಯಾರ ಮನೆ ಎಂದು ಹೇಗೆ ಗೊತ್ತಾಗಬೇಕು, ಪಾಪ! ಹೊಸಬರಿಗೆ ಮಾದರಿಯಾಗಿ ಕೇಳಿಸುತ್ತೇವೆ ಎಂದರು. ಆಗಲಿ ಎಂದಳು. ಅವಳಿಗೆ ಅಳು ಬರಲಿಲ್ಲ. ಅಂದಿನಿಂದ ಅಳು, ನಗು, ಸಿಟ್ಟು ಯಾವುದೂ ಬಂದಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ದವಡೆ ಮರಗಟ್ಟಿರುತ್ತದಲ್ಲ, ಅವಳ ಇಡೀ ಮೈ ಹಾಗಾಗಿತ್ತು. ಒಂದೇ ಸಮಾಧಾನವೆಂದರೆ, ಆ ಗಾಬರಿಯಲ್ಲಿ ಅಮ್ಮನಿಗೆ ತನ್ನ ದನಿ ಗುರುತು ಹತ್ತಿರಲಾರದು. ಮನೆಯಲ್ಲಿ ಈ ಮಾತನ್ನು ಅವಳು ಎತ್ತಿರಲೇ ಇಲ್ಲ.

ಹಿಂದಿನ ಕೋಣೆಗೆ ಹೋಗಿ ಅವಳೂ ಒಂದು ಟವೆಲು ಎತ್ತಿಕೊಂಡಳು. "ಅರ್ಧ ದಿನ ಬಿಡ್ತೀನಿ. ಊಟ ಆದ್ಮೇಲೆ."

"ಚೌಕಾಸಿ ಮಾಡ್ತೀಯಾ?" ಅಮ್ಮ ದಿಂಬಿನ ಚೀಲವೊಂದನ್ನು ಕೊಡವಿದಳು. "ಆವತ್ತು ನೀನು ವಿಳಾಸ ಎರಡು ಸಲ ಕೇಳ್ದೆ. ಎರಡು ಸಲನೂ ಹೇಳ್ದೆ ತಾನೆ? ನಾನು ಚೌಕಾಸಿ ಮಾಡಿದ್ನಾ?"

ಮಗಳು ಟವೆಲನ್ನು ಕೆಳಗಿಟ್ಟಳು.

"ಗೊತ್ತಿತ್ತಾ?"

"ಹೆತ್ತವಳಿಗೆ ದನಿ ತಿಳಿಯಲ್ವೇನೇ? ಮೊದಲನೇ ಮಾತಿಗೇ ತಿಳೀತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿನ್ನ ಎಣಿಕೆ ತಪ್ತಿತ್ತು. ಅವರನ್ನ ಉಳಿಸ್ಕೊಳ್ಳೋಕೆ ಇದ್ದಿದ್ದೇ ಆ ಎಣಿಕೆ. ಅದಕ್ಕೇ ನಾನೂ ಮೇಡಂ ಆಗೇ ಇದ್ದೆ." ಅಮ್ಮ ದಿಂಬಿನ ಚೀಲವನ್ನು ಮಡಿಸಿ ಇಟ್ಟಳು. "ನೀನು ತಪ್ಪೇನೂ ಮಾಡ್ಲಿಲ್ಲ ಕಣೇ. ಆದ್ರೆ ಎಂಟು ತಿಂಗಳಾಯ್ತು, ಇನ್ನೂ ಆ ಕುರ್ಚಿಯಿಂದ ಎದ್ದಿಲ್ಲ ನೀನು. ಒಂದು ದಿನ ಎದ್ದು ಬಾ ಅಂತ ಕೇಳ್ತಿದೀನಿ, ಅಷ್ಟೇ. ನಂಗೂ ಒಬ್ಳೇ ಆಗ್ಬಿಟ್ಟಿದೆ."

ಮಗಳು ಊಟದ ಮೇಜಿಗೆ ವಾಪಸು ಬಂದಳು. ಬುಧವಾರದ ಹಾಳೆಯನ್ನು ಎತ್ತಿದಳು. ಅಭ್ಯಾಸ ಎಲ್ಲಿ ಹೋಗುತ್ತದೆ, ಕೆಳಗಿನ ಕೆಂಪು ಸಾಲನ್ನು ಇನ್ನೊಮ್ಮೆ ಓದಿದಳು: ಹನ್ನೆರಡು ನಿಮಿಷ. ಆಮೇಲೆ ಹಾಳೆಯನ್ನು ಎರಡಾಗಿ, ನಾಲ್ಕಾಗಿ ಹರಿದಳು.

ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಹಾಗಾದ್ರೆ ಬುಧವಾರ ನಾವು ಎಲ್ಲಿರ್ತೀವಿ?"

ಹನ್ನೆರಡು ವರ್ಷ ಊರವರ ವಿಳಾಸ ಕೇಳಿದವಳು ಹರಿದ ಚೂರುಗಳನ್ನು ಒಟ್ಟು ಮಾಡಿದಳು.

"ಗೊತ್ತಿಲ್ಲ," ಎಂದಳು. ಆಮೇಲೆ, "ಅಮ್ಮಾ," ಎಂದಳು.

ಅಮ್ಮ ಬಂದು ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು.

"ಹೂಂ," ಎಂದಳು ಅಮ್ಮ, "ಹೇಳು."