ನೆಲದಿಂದ ನಾಲ್ಕು ಅಡಿ ಮೇಲೆ

ಮನೆಯಿಲ್ಲದವರಿಗೆ ಮನೆ ಹುಡುಕಿಕೊಡುವ ಸಂಸ್ಥೆಯ ಹೆಂಗಸು ಮಹಡಿಯ ಕೋಣೆಯನ್ನು ಟೇಪು ಹಿಡಿದು ಅಳೆಯುತ್ತಿದ್ದಾಗ ಅಕ್ಕ ಹೊಲಿಗೆ ಯಂತ್ರದ ಮುಂದಿನಿಂದ ಏಳಲೇ ಇಲ್ಲ. ಟೇಪು ಅವಳ ಸ್ಟೂಲನ್ನು ಸುತ್ತುಹಾಕಿಯೇ ಗೋಡೆಯಿಂದ ಗೋಡೆಗೆ ಹೋಯಿತು.

"ಎರಡು ಕಿಟಕಿ, ನಲ್ಲಿ, ಹೊರಗಿನಿಂದಲೇ ಮೆಟ್ಟಿಲು. ಒಬ್ಬರಿಗೆ ಧಾರಾಳ," ಎಂದು ಬರೆದುಕೊಂಡ ಆಕೆ, ಅಕ್ಕನ ಪಕ್ಕ ನಿಂತಿದ್ದ ತಮ್ಮನ ಕೈಗೆ ಅರ್ಜಿ ಕೊಟ್ಟಳು. "ಕೊನೇಲಿ ಒಂದು ಪ್ರಶ್ನೆ ಇದೆ ಸಾರ್, ಕೋಣೆ ಯಾಕೆ ಕೊಡ್ತಿದ್ದೀರಿ ಅಂತ. ಒಂದು ಸಾಲು ಸಾಕು. ಹೆಚ್ಚಿನವರು ತೀರಿಕೊಂಡವರ ನೆನಪಿಗೆ ಅಂತ ಬರೀತಾರೆ."

"ನನ್ನ ನೆನಪಿಗೆ ಅಂತ ಬರಿ," ಅಕ್ಕ ಹಲ್ಲಿನಲ್ಲಿ ದಾರ ಕಡಿದಳು. "ಇಪ್ಪತ್ತು ವರ್ಷದಿಂದ ಇಲ್ಲೇ ಹೊಲಿದು ಹೊಟ್ಟೆ ಹೊರೀತಿದ್ದೀನಿ. ನೀನು ದಾನಶೂರ ಅನ್ನಿಸ್ಕೊಳ್ಳೋಕೆ ನನ್ನ ಕೋಣೆ ಬೇಕಾ?"

ಪೆನ್ನಿನ ಮುಚ್ಚಳವನ್ನು ತಮ್ಮ ತೆಗೆದ, ಮತ್ತೆ ಹಾಕಿದ.

ಅವನು ಹವಾಮಾನ ಕೇಂದ್ರದಲ್ಲಿ ವೀಕ್ಷಕ. ಇಪ್ಪತ್ತಾರು ವರ್ಷದಲ್ಲಿ ಒಂದು ದಶಾಂಶವನ್ನೂ ಹೆಚ್ಚುಕಡಿಮೆ ಬರೆದವನಲ್ಲ. ಬೀದಿಯಲ್ಲಿ ಮಲಗುವವರಿಗಾಗಿ ಊರಿನಲ್ಲಿ ಒಂದು ಸಭಾಂಗಣವಿತ್ತು. ಸಂಜೆ ಆರು ಗಂಟೆಗೆ ತಾಪಮಾನ ನಾಲ್ಕು ಡಿಗ್ರಿಯೋ ಅದಕ್ಕಿಂತ ಕಡಿಮೆಯೋ ಇದ್ದರೆ ಮಾತ್ರ ಅದರ ಬಾಗಿಲು ತೆಗೆಯಬೇಕೆಂದು ಮೇಲಿನ ಕಚೇರಿ ಗೆರೆ ಎಳೆದಿತ್ತು. ಆ ಸಂಖ್ಯೆಯನ್ನು ಸಭಾಂಗಣದ ಕಾವಲುಗಾರನಿಗೆ ಫೋನಿನಲ್ಲಿ ಹೇಳುವುದು ಇವನ ಕೆಲಸ.

ಕೇಂದ್ರದ ಬೇಲಿಯ ಪಕ್ಕದಲ್ಲೇ ಕೂತು ಕೊಡೆ ರಿಪೇರಿ ಮಾಡಿ, ಅಲ್ಲೇ ಮಲಗುತ್ತಿದ್ದ ಮುದುಕನೊಬ್ಬನಿದ್ದ. ಎಲ್ಲರ ಬಾಯಲ್ಲೂ ಕೊಡೆತಾತ. ಅಳತೆ ನೋಡಿ ಬರುವ ಇವನನ್ನು ದಿನಾ ಅಡ್ಡಗಟ್ಟಿ ಚೌಕಾಸಿಗೆ ಇಳಿಯುತ್ತಿದ್ದ. ಹೋದ ತಿಂಗಳ ಆ ಸಂಜೆಯೂ ಹಾಗೇ.

"ಇವತ್ತು ಏನು ರೇಟು ಸಾರ್?"

"ನಾಲ್ಕು ಪಾಯಿಂಟ್ ಎರಡು, ತಾತ."

"ಜಾಸ್ತಿ ಆಯ್ತು. ಆ ಪಾಯಿಂಟ್ ಎರಡು ಬಿಟ್ಟು ಹೇಳಿ, ವ್ಯಾಪಾರ ಮುಗಿಸೋಣ."

"ನಮ್ಮ ಅಂಗಡೀಲಿ ಒಂದೇ ಬೆಲೆ."

ಇಬ್ಬರೂ ನಕ್ಕರು. ಇವನು ಒಳಗೆ ಹೋಗಿ ಫೋನ್ ಮಾಡಿದ.

"ಹಾಗಾದ್ರೆ ತೆಗೀಬೇಡ ಅಂತಲಾ ಸಾರ್?" ಕಾವಲುಗಾರ ಕೇಳಿದ.

"ತೆಗಿ ಅಂತಲೂ ಹೇಳಲ್ಲ, ಬೇಡ ಅಂತಲೂ ಹೇಳಲ್ಲ. ನಾನು ಸಂಖ್ಯೆ ಹೇಳ್ತೀನಿ, ಅಷ್ಟೆ."

ಬೆಳಿಗ್ಗೆ ಇವನು ಬಂದಾಗ ತಾತ ಬಿಚ್ಚಿದ ಎರಡು ಕೊಡೆಗಳ ನಡುವೆ ಮುದುರಿಕೊಂಡಿದ್ದ. ಕೊಡೆಗಳ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗೆ ಕೂತಿತ್ತು. ಎಬ್ಬಿಸಲು ಬಗ್ಗಿದವನ ಕೈಗೆ ಭುಜ ಹಲಗೆಯ ಹಾಗೆ ಸಿಕ್ಕಿತು.

"ಆ ಮುದುಕ ಸತ್ತಾಗಿನಿಂದ ನೀನು ಸರಿಯಾಗಿ ಊಟ ಮಾಡಿಲ್ಲ, ನನಗೇನು ಗೊತ್ತಾಗಲ್ವಾ?" ಅಕ್ಕನ ದನಿ ಸ್ವಲ್ಪ ಇಳಿಯಿತು. "ಇದ್ದದ್ದನ್ನ ಇದ್ದ ಹಾಗೆ ಹೇಳಿದೆ. ನಿನ್ನ ತಪ್ಪೇನಿದೆ? ಗೆರೆ ಎಳೆದವರು ಬೇರೆ."

ಅವನು ಅರ್ಜಿಯ ಕೊನೆಯ ಸಾಲಿನಲ್ಲಿ ಎರಡು ಸಂಖ್ಯೆ ಬರೆದು ಅವಳ ಮುಂದೆ ಹಿಡಿದ. ನಾಲ್ಕು ಪಾಯಿಂಟ್ ಎರಡು. ಅದರ ಪಕ್ಕದಲ್ಲಿ ಸೊನ್ನೆಗಿಂತ ಅರ್ಧ ಡಿಗ್ರಿ ಕಡಿಮೆ.

"ಎರಡೂ ಅದೇ ಸಂಜೆ ಆರು ಗಂಟೇದು. ಮೊದಲನೇದು ಮರದ ಪೆಟ್ಟಿಗೆ ಒಳಗಿನ ಥರ್ಮಾಮೀಟರು. ಪೆಟ್ಟಿಗೆ ನೆಲದಿಂದ ನಾಲ್ಕು ಅಡಿ ಮೇಲಿದೆ. ಎರಡನೇದು ಹುಲ್ಲಿನ ಮೇಲಿಟ್ಟಿರೋದು. ಮೋಡ ಇಲ್ಲದಿದ್ದರೆ ನೆಲ ಬೇಗ ತಣ್ಣಗಾಗುತ್ತೆ, ಮೇಲಿನ ಗಾಳಿ ನಿಧಾನ. ಕಚೇರಿಯವರು ಕೇಳಿದ್ದು ಪೆಟ್ಟಿಗೇದು."

"ತಾತ ಮಲಗ್ತಿದ್ದದ್ದು ಪೆಟ್ಟಿಗೇಲಲ್ಲ."

"ಅಲ್ಲ."

"ನಿನಗೆ ಆವತ್ತೇ ಗೊತ್ತಿತ್ತಾ?"

"ಇಪ್ಪತ್ತಾರು ವರ್ಷದಿಂದ ಗೊತ್ತು ಅಕ್ಕ. ಎರಡೂ ಒಂದೇ ಪುಟದಲ್ಲಿವೆ, ದಿನಾ ನಾನೇ ತುಂಬೋದು. ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ."

ಅಕ್ಕನ ಕಾಲು ಪೆಡಲಿನ ಮೇಲೆ ನಿಂತುಬಿಟ್ಟಿತು. ಸಂಸ್ಥೆಯ ಹೆಂಗಸು ಕಿಟಕಿಯ ಕಡೆ ತಿರುಗಿ, ಅಳೆದಿದ್ದನ್ನೇ ಮತ್ತೊಮ್ಮೆ ಅಳೆಯತೊಡಗಿದಳು.

"ಈಗಲಾದರೂ ಹೇಳು ಆ ಕಚೇರಿಯವರಿಗೆ."

"ಬರೆದೆ. ಪರಿಶೀಲನೆಯಲ್ಲಿದೆ ಅಂತ ಉತ್ತರ ಬಂತು. ಚಳಿ ಇನ್ನೂ ಎರಡು ತಿಂಗಳಿದೆ. ಕೋಣೆ ಅಂತ ಒಂದಿದ್ದರೆ ಬೀಗದಕೈ ಅಲ್ಲಿರೋರ ಜೇಬಲ್ಲೇ ಇರುತ್ತೆ. ಇವತ್ತು ಎಷ್ಟು ಅಂತ ಯಾರೂ ನನ್ನ ಕೇಳಬೇಕಾಗಿಲ್ಲ."

"ಅಂದ್ರೆ ಇದು ಬೀದೀಲಿರೋರಿಗಲ್ಲ, ನಿನಗೆ."

ಅವನು ಆ ಸಂಖ್ಯೆಗಳ ಕೆಳಗೆ ಸಹಿ ಹಾಕಿದ.

ಅಕ್ಕ ಆ ಎರಡು ಸಂಖ್ಯೆಗಳನ್ನು ಮತ್ತೊಮ್ಮೆ ನೋಡಿದಳು. ಆಮೇಲೆ ಎದ್ದು, ಅರ್ಧ ಹೊಲಿದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡಳು. "ಆ ಕಡೆ ಹಿಡ್ಕೋ. ಬೀಳಿಸಬೇಡ."

ಯಂತ್ರವನ್ನು ಒಂದೊಂದೇ ಮೆಟ್ಟಿಲು ಇಳಿಸಿದರು. ಕೆಳಗೆ ಬೆಳಕಿದ್ದದ್ದು ತಮ್ಮನ ಕೋಣೆಯಲ್ಲಿ ಮಾತ್ರ. ಅಕ್ಕ ಅವನ ಮಂಚವನ್ನು ತಾನೇ ಎತ್ತಿ ಗೋಡೆಗೆ ಒರಗಿಸಿ, ಆ ಜಾಗಕ್ಕೆ ಯಂತ್ರ ಎಳೆಸಿದಳು.

"ನಾನೆಲ್ಲಿ ಮಲಗಲಿ?"

"ಹಜಾರದಲ್ಲಿ. ಅಲ್ಲಿ ಮಂಚ ಹಿಡಿಸಲ್ಲ, ಕೆಳಗೇ ಹಾಸ್ಕೋ," ಎಂದಳು, ಅವನ ಮುಖ ನೋಡದೆ. "ನೆಲದ ಹತ್ತಿರ ಎಷ್ಟಿದೆ ಅಂತ ನಿನಗೇ ತಿಳೀಲಿ."

ಹೊಸ ಜಾಗದಲ್ಲಿ ಯಂತ್ರ ಕುಂಟುತ್ತಿತ್ತು. ಹಾಳೆಯೊಂದನ್ನು ಮಡಚಿ ಅದರ ಕಾಲಿನಡಿ ಇಡಲು ಅವನು ಮಂಡಿಯೂರಿ, ಅಂಗೈಯನ್ನು ನೆಲಕ್ಕೆ ಊರಿದ. ಅಂಗೈ ಅಲ್ಲೇ ಉಳಿಯಿತು.